ಮುಗ್ಗಿದ ನೆಲ್ಲಿನ ಬೇಸಿಗೆ

ಮೊನ್ನೆ ಕೊಪ್ಪಳದಿಂದ ಊರಿಗೆ ಬರುತ್ತಿದ್ದೆ. ಗಂಗಾವತಿಯಲ್ಲಿ ಹತ್ತಿದ ಹಿರಿಯರೊಬ್ಬರು ಅರ್ಧ ಚೀಲ ನೆಲ್ಲು ತಂದು ನನ್ನ ಕಾಲ ಬುಡದಲ್ಲಿ ಇಟ್ಟರು. ಮಳೆಗೆ ಸಿಕ್ಕು ಬೂಸು ಹಿಡಿದು ಮುಗ್ಗಿದ ಭತ್ತ. ವಾಸನೆ ಎಷ್ಟಿತ್ತೆಂದರೆ, ಹಿಂದಿನ ಸೀಟಿನಲ್ಲಿ ಆಕಳಿಸುತ್ತಿದ್ದವರು ಆಕಳಿಕೆಯನ್ನು ಅರ್ಧಕ್ಕೇ ನುಂಗಿದರು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ಮೂಗು ಹಿಡಿದ.

"ಯಾರದ್ರೀ ಈ ಚೀಲ? ಒಳಗ ನೆಲ್ಲ ಐತೋ, ಹೆಣ ಐತೋ?"

"ನೆಲ್ಲರೀ. ಕೋಳಿಗೆ ಹಾಕಾಕ ಒಯ್ಯಾಕತ್ತೀನಿ."

"ಕೋಳಿ ಏನ್ ಪಾಪ ಮಾಡ್ಯಾವ್ರೀ ನಿಮಗ?"

ಬಸ್ಸೆಲ್ಲ ನಕ್ಕಿತು. ನಾನೊಬ್ಬಳೇ ಬಗ್ಗಿ, ಊದಿನಕಡ್ಡಿಯ ಹೊಗೆ ತೆಗೆದುಕೊಳ್ಳುವವರ ಹಾಗೆ, ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಪಕ್ಕದ ಹೆಂಗಸು ತನ್ನ ಕೂಸನ್ನು ಮೆಲ್ಲಗೆ ಆಚೆ ತೊಡೆಗೆ ಸರಿಸಿಕೊಂಡಳು. ಸರಿಸಿಕೊಳ್ಳಲಿ. ಕೊರೋನಾದ ಎರಡನೇ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಉಳಿದವರ ಮೇಲೆ ಸಂಶಯ ಇತ್ತು. ಆ ಸಂಶಯವನ್ನೆಲ್ಲ ಬಗೆಹರಿಸಿದ್ದು ಪೊಲೀಸರಲ್ಲ, ದೇವರಲ್ಲ, ಇದೇ ನಾತ.

ಆಗ ನಾನು ಎರಡನೇ ಪಿಯುಸಿ. ಓದದೆ ಪಾಸಾಗಬೇಕೆಂದು ಕನಸು ಕಂಡವರು ಲೋಕದಲ್ಲಿ ಬಹಳ ಇದ್ದಾರೆ. ಆದರೆ ನನ್ನ ಕನಸಿನ ಕಸುವು ನೋಡಿ, ಪರೀಕ್ಷೆ ಮುಂದಕ್ಕೆ ಹೋಗಿ, ಮತ್ತೂ ಮುಂದಕ್ಕೆ ಹೋಗಿ, ಕೊನೆಗೆ ಇಲ್ಲವೇ ಇಲ್ಲ ಎಂದಾಗಿ ಇಡೀ ರಾಜ್ಯವೇ ನನ್ನ ಜೊತೆ ಪಾಸಾಯಿತು. ನನ್ನಿಂದ ಪಾಸಾದವರು ಯಾರೂ ಇವತ್ತಿಗೂ ಒಂದು ಪೇಡೆ ಕೊಟ್ಟಿಲ್ಲ.

ನನ್ನಕ್ಕ ಗಿರಿಜಾ ಹಾಗಲ್ಲ. ಅವಳು ಓದಿ ಪಾಸಾಗುವ ಹಳೇ ಕಾಲದವಳು. ಧಾರವಾಡದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದಳು. ಹಾಸ್ಟೆಲ್ ಖಾಲಿ ಮಾಡಿಸಿದರೆಂದು ಎರಡು ಬ್ಯಾಗು, ಒಂದು ಬಕೀಟು ಹೊತ್ತು ಸಿದ್ದಾಪುರದಲ್ಲಿ ಬಸ್ ಇಳಿದಾಗ ಓಣಿಯ ಜನ ಕಿಟಕಿಗಳ ಸಂದಿಯಿಂದ ಅವಳನ್ನು ನೋಡಿದರು. ಹಿಂದಿನ ಸಲ ಬಂದಾಗ "ಬಾರವ್ವಾ, ಚಾ ಕುಡದ ಹೋಗುವಂತಿ" ಎಂದು ಕರೆದವರೇ ಈ ಸಲ "ಮನಿಗೆ ಹೋಗವ್ವಾ, ದಣಿದಿರತಿ" ಎಂದು ಹತ್ತು ಮಾರು ದೂರದಿಂದ ಕಾಳಜಿ ತೋರಿಸಿದರು.

ಮನೆಯ ಬಾಗಿಲಲ್ಲಿ ತಳಕಲ್ಲಿನ ಅತ್ತಿ ನಿಂತಿದ್ದಳು. ಅತ್ತಿ ಅಂದರೆ ಅಪ್ಪನ ಅಕ್ಕ. ಅವ್ವನ ಮೊಣಕಾಲು ನೋವು ವಿಚಾರಿಸಲು ಯಲಬುರ್ಗಾ ಕಡೆಯಿಂದ ಬಂದವಳು ಲಾಕ್‌ಡೌನಿನ ನೆಪ ಹೇಳಿ ನಮ್ಮಲ್ಲೇ ಉಳಿದಿದ್ದಳು. ಅವ್ವನ ಮೊಣಕಾಲು ಅಷ್ಟರಲ್ಲಿ ವಾಸಿಯಾಗಿ, ನೋವು ತಲೆಗೆ ಏರಿತ್ತು. ಅತ್ತಿಯ ಸಂಶಯಕ್ಕೆ ರಜೆ ಇರಲಿಲ್ಲ. ಹಾಲಿನವನ ಮೇಲೆ ನೀರಿನ ಸಂಶಯ, ನೀರು ಬಿಡುವವನ ಮೇಲೆ ಲಂಚದ ಸಂಶಯ, ಗೋಡೆಯ ಹಲ್ಲಿ ಲೊಚಗುಟ್ಟಿದರೆ ಅದು ಯಾರ ಪರವಾಗಿ ಲೊಚಗುಟ್ಟಿತು ಎಂಬ ಸಂಶಯ.

"ಅಲ್ಲೇ ನಿಂದರವ್ವಾ. ಮೊದಲ ಅರಿಶಿಣದ ನೀರ ಸುರುವಿಕ್ಯಾ. ಆಮ್ಯಾಲ ಆ ಕ್ವಾಣ್ಯಾಗ ಇರು" ಎಂದಳು.

ಆ ಕೋಣೆ ಎಂದರೆ ದನದ ಕೊಟ್ಟಿಗೆಗೆ ಅಂಟಿಕೊಂಡ ನೆಲ್ಲಿನ ಕೋಣೆ. ಆ ವರ್ಷ ಬೇಸಿಗೆ ಬೆಳೆ ಕೊಯ್ಯುವ ಹೊತ್ತಿಗೆ ಮಳೆ ಬಿದ್ದಿತ್ತು. ಕಾರಟಗಿಯ ಮಿಲ್ಲಿಗೆ ಹೋಗಲು ಲಾರಿ ಇಲ್ಲ, ಮಿಲ್ಲಿನಲ್ಲಿ ಹಮಾಲರಿಲ್ಲ. ಒಣಗಿದ್ದು, ಒಣಗದ್ದು ಎಲ್ಲ ಚೀಲಕ್ಕೆ ತುಂಬಿ ಸೂರಿನ ತನಕ ಒಟ್ಟಿದ್ದೆವು. ಚೀಲಗಳ ನಡುವೆ ಒಂದು ಮಂಚ ಹಿಡಿಸುವಷ್ಟು ಜಾಗ. ಅಕ್ಕನ ಮಲಗುವ ಕೋಣೆ, ವಿಶ್ವವಿದ್ಯಾಲಯ, ಆಸ್ಪತ್ರೆ ಎಲ್ಲ ಅದೇ.

ನಮ್ಮ ಕಡೆ ಚೀಲದ ನೆಲ್ಲನ್ನು ಹಾಗೇ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಮೊಣಕೈ ತನಕ ಕೈ ಹಾಕಿ, ಒಳಗಿನ ಒಂದು ಹಿಡಿ ತೆಗೆದು ಮೂಸಿ ನೋಡಬೇಕು. ಮಿಲ್ಲಿನವರ ಹತ್ತಿರ ತೇವ ನೋಡುವ ಮಷಿನ್ ಇದ್ದರೂ ವ್ಯಾಪಾರ ಕುದುರುವುದು ಮೂಗಿನಿಂದಲೇ. ಅಪ್ಪನ ಮೂಗಂತೂ ಮೂರು ಚೀಲದ ಆಚೆಯ ಹುಳುವಿನ ವಯಸ್ಸು ಹೇಳುತ್ತದೆ. ಆದರೆ ಅಕ್ಕ ಒಳಗಿದ್ದಳಲ್ಲ, ಅಪ್ಪ ಹೋಗುವಂತಿರಲಿಲ್ಲ. ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ.

"ಗಿರಿಜಾ, ಕೈ ಹಾಕಿ ನೋಡಿದೇನವಾ? ವಾಸನಿ ಹೆಂಗೈತಿ?"

"ಛಲೋ ಐತಿ ಅಪ್ಪಾ."

"ಕಾವು?"

"ಬ್ಯಾಸಿಗಿ ಅಲ್ಲೇನ, ಎಲ್ಲಾ ಬೆಚ್ಚಗ ಐತಿ."

ಅಪ್ಪ ತಲೆಯಾಡಿಸಿ ಹೋಗುತ್ತಿದ್ದ. ನೆಲ್ಲಿನವರ ಮನೆಯ ಮಗಳು, ಅದರ ಮೇಲೆ ಕೆಮಿಸ್ಟ್ರಿ. ಇದಕ್ಕಿಂತ ಒಳ್ಳೆಯ ಕಾವಲು ಯಾರಿಗೆ ಸಿಗುತ್ತದೆ?

ಎರಡು ವಾರ ದೂರ ಇಡಬೇಕು ಎಂದಿದ್ದರು. ಎರಡು ವಾರ ಮುಗಿಯಿತು. ಅಕ್ಕ ಹೊರಗೆ ಬರಲಿಲ್ಲ. "ಇಲ್ಲೇ ಛಲೋ ಐತಿ, ಕ್ಲಾಸ್ ಕೇಳಾಕ ಶಾಂತ ಐತಿ" ಎಂದಳು. ಬೆವರು ಇಳಿಯುವ ಕೋಣೆ, ಗೋಣಿಚೀಲದ ಧೂಳು, ಗೋಡೆಯ ಆಚೆ ಎಮ್ಮೆ. ಇದರಲ್ಲಿ ಛಲೋ ಏನಿದೆ ಎಂದು ಎಮ್ಮೆಗೂ ಸಂಶಯ ಬಂದಿರಬೇಕು. ನಮ್ಮ ಮನೆಯ ತನಿಖೆ ಶುರುವಾದದ್ದು ಅಂದಿನಿಂದ.

ಮೊದಲನೆಯ ಸಂಶಯ ಊಟದ್ದು. ಕೊಟ್ಟ ರೊಟ್ಟಿಯನ್ನು ಅವಳು ಕಿಟಕಿಯಿಂದ ಎಮ್ಮೆಗೆ ದಾಟಿಸುತ್ತಿದ್ದಳು. ಎಮ್ಮೆ ಉಬ್ಬಿ ಬಾಗಿಲಲ್ಲಿ ಹಿಡಿಸದಂತಾಯಿತು, ಅಕ್ಕ ಸೊರಗಿ ಬಾಗಿಲ ಸಂದಿಯಲ್ಲೇ ಹಾಯುವಂತಾದಳು. ಅವ್ವ ಪುಂಡಿಪಲ್ಯ ಮಾಡಿದಳು, ಬೇಳೆ ಕಡುಬು ಮಾಡಿದಳು, ಕೊನೆಗೆ ತನ್ನ ಕೈ ರುಚಿಯ ಮೇಲೇ ಸಂಶಯಪಟ್ಟು ಉಪ್ಪಿನ ಡಬ್ಬಿ ಬದಲಿಸಿದಳು.

ಎರಡನೆಯದು ನೋಟದ್ದು. ಅವ್ವನ ಒತ್ತಾಯಕ್ಕೆ ಒಮ್ಮೊಮ್ಮೆ ಪಡಸಾಲೆಗೆ ಬಂದು ನಮ್ಮ ಜೊತೆ ಕೂತರೆ, ತಾಟಿಗೆ ಕೈ ಹಾಕುವ ಮುಂಚೆ ಅಕ್ಕ ನನ್ನ ಮುಖ ನೋಡುತ್ತಿದ್ದಳು. ಮಜ್ಜಿಗೆ ಕುಡಿಯುವ ಮುಂಚೆ ಮತ್ತೆ ನನ್ನ ಮುಖ. ನಾನು ಮೊದಲು ಕುಡಿದು ಗುಟುಕು ಇಳಿಯುವುದನ್ನು ನೋಡಿ ಆಮೇಲೆ ತಾನು. ವಿಷ ಹಾಕಿರಬಹುದೆಂದು ರಾಜರು ಆಳುಗಳಿಗೆ ಮೊದಲು ಉಣಿಸುತ್ತಿದ್ದರಂತೆ. ನನ್ನನ್ನು ಆಳು ಮಾಡಿದ್ದಾಳೆಂದು ನನಗೆ ಸಿಟ್ಟು.

ಮೂರನೆಯದು ಫೋನಿನದು. ಕ್ಲಾಸು ಮುಗಿದ ಮೇಲೆಯೂ ಪಿಸುಪಿಸು. ಒಂದು ದಿನ ನಾನೂ ಅತ್ತಿಯೂ ಬಾಗಿಲಿಗೆ ಒಬ್ಬೊಬ್ಬರು ಒಂದೊಂದು ಕಿವಿ ಹಚ್ಚಿ ನಿಂತೆವು. ಇಬ್ಬರ ಮುಖ ಎದುರುಬದುರು, ನಡುವೆ ಅತ್ತಿಯ ಮೂಗುತಿ.

"ಮನಿಯಾಗ ಹೇಳಿಲ್ಲ ರೇಣುಕಾ. ಹೇಳಿದ್ರ ಮುಗೀತ, ಮತ್ತ ಕಳ್ಸಂಗಿಲ್ಲ" ಎನ್ನುತ್ತಿದ್ದಳು ಅಕ್ಕ.

ಅತ್ತಿ ನನ್ನ ರಟ್ಟೆ ಚಿವುಟಿ ಎಳೆದುಕೊಂಡು ಹೋದಳು. "ಪವಿ, ಆ ರೇಣುಕಾ ಯಾರ?"

"ರೂಮ್‌ಮೇಟ್ ಅತ್ತಿ."

"ರೇಣುಕಾ ಐತೋ, ರೇಣುಕರಾಜ ಐತೋ?"

ನಿಜ ಹೇಳಬೇಕೆಂದರೆ ಆ ಸಂಶಯ ನನಗೂ ಬಂದಿತ್ತು. ಆದರೆ ಮರುದಿನ ನಡೆದದ್ದಕ್ಕೆ ಅತ್ತಿ ಕಟ್ಟಿದ ಕಥೆ ನನ್ನ ಕಲ್ಪನೆಯನ್ನೂ ಹಿಂದೆ ಹಾಕಿತು. ಅವ್ವ ಈರುಳ್ಳಿ ಒಗ್ಗರಣೆಗೆ ಹಾಕಿದಳು. ಪಡಸಾಲೆಯಲ್ಲಿದ್ದ ಅಕ್ಕ ಬಾಯಿಗೆ ಓಡಣಿ ಒತ್ತಿಕೊಂಡು ಹಿತ್ತಿಲಿಗೆ ಓಡಿದಳು. ವಾಂತಿ. ಅತ್ತಿ ಒಗ್ಗರಣೆ ನೋಡಿದಳು, ಹಿತ್ತಿಲು ನೋಡಿದಳು, ಆಮೇಲೆ ಅಕ್ಕನ ಹೊಟ್ಟೆ ನೋಡಿದಳು. ಏನೂ ಅನ್ನಲಿಲ್ಲ. ನಮ್ಮ ಅತ್ತಿ ಏನೂ ಅನ್ನದಿದ್ದರೆ ಭೂಕಂಪಕ್ಕೆ ಸಿದ್ಧರಾಗಬೇಕು.

ಸಂಜೆಯೊಳಗೆ ಅದು ಅಪ್ಪನ ಕಿವಿಗೆ ಹೋಯಿತು. ಅಪ್ಪ ಅಂದು ಚಹಾ ಕುಡಿಯಲಿಲ್ಲ. ಅಂಗಳದಲ್ಲಿ ಕಲ್ಲಿನ ಮೇಲೆ ಕೂತು ಕಾಲ ಹೆಬ್ಬೆರಳಿಂದ ಮಣ್ಣು ಕೆದರುತ್ತಲೇ ಇದ್ದ. ಕೊನೆಗೆ, "ಕುಷ್ಟಗಿಯವರು ಹೋದ ವರ್ಷನ ಹೆಣ್ಣ ಕೇಳಿದ್ರು. ಐತವಾರ ಬಂದು ನೋಡಿಕೊಂಡ ಹೋಗ್ಲಿ. ಓದಿದ್ದ ಸಾಕು" ಎಂದ.

ಅಲ್ಲಿಯ ತನಕ ನನಗೆ ಇದೆಲ್ಲ ಮಜಾ ಆಗಿತ್ತು. ಓದಿದ್ದು ಸಾಕು ಎಂಬ ಮಾತಿಗೆ ಮಜಾ ಮುಗಿಯಿತು. ಊರಲ್ಲಿ ಹೆಣ್ಣುಮಕ್ಕಳು ಎಸ್‌ಎಸ್‌ಎಲ್‌ಸಿ ಫೇಲಾದರೆ ಮದುವೆ, ಪಾಸಾದರೆ ದೊಡ್ಡ ಮದುವೆ. ಅದನ್ನು ದಾಟಿ ಧಾರವಾಡದ ತನಕ ಹೋದವಳು ಅಕ್ಕ ಒಬ್ಬಳೇ. ಅವಳು ಕಡಿದ ದಾರಿಯಲ್ಲಿ ಹಿಂದಿನಿಂದ ಆರಾಮಾಗಿ ಕೈಬೀಸಿಕೊಂಡು ಹೋಗಬೇಕೆಂದು ನಾನು ಲೆಕ್ಕ ಹಾಕಿದ್ದೆ. ದಾರಿಯನ್ನೇ ಮುಚ್ಚಿದರೆ?

ಮರುದಿನ ಮಧ್ಯಾಹ್ನ ಅವಳ ತಾಟು ತೆಗೆದುಕೊಳ್ಳುವ ನೆಪ ಮಾಡಿ ಬಾಗಿಲು ಬಡಿಯದೆ ಒಳಗೆ ನುಗ್ಗಿದೆ. ರೇಣುಕರಾಜನ ಫೋಟೋನಾದರೂ ಸಿಕ್ಕೀತೆಂದು. ನನಗಿಂತ ಮುಂಚೆ ಒಂದು ವಾಸನೆ ಎದ್ದು ಬಂದು ನನ್ನ ಕಪಾಳಕ್ಕೆ ಬಾರಿಸಿತು. ಮೂರು ವರ್ಷ ತೊಳೆಯದ ಸಾಕ್ಸನ್ನು ಹುಳಿ ಹಿಟ್ಟಿನಲ್ಲಿ ನೆನೆಸಿದ ಹಾಗೆ. ಕಣ್ಣಲ್ಲಿ ನೀರು ಬಂತು. ಬಾಗಿಲು ಸದಾ ಮುಚ್ಚಿದ್ದು, ಪಕ್ಕದಲ್ಲೇ ಕೊಟ್ಟಿಗೆ ಇದ್ದುದರಿಂದ ಹೊರಗಿದ್ದವರು ಅದನ್ನೆಲ್ಲ ಎಮ್ಮೆಯ ಲೆಕ್ಕಕ್ಕೆ ಬರೆದಿದ್ದೆವು. ಪಾಪ ಎಮ್ಮೆ.

ಆ ನಾತದ ನಟ್ಟನಡುವೆ, ಚೀಲದ ಮೇಲೆ ಕೂತು, ಅಕ್ಕ ಅನ್ನ ಸಾರು ಕಲಸುತ್ತಿದ್ದಳು.

"ಯಕ್ಕಾ! ಏನಿದು?"

"ಏನ?"

"ವಾಸನಿ!"

ಅವಳು ಚೀಲಗಳ ಕಡೆ ನೋಡಲಿಲ್ಲ. ತಾಟಿನ ಕಡೆಯೂ ನೋಡಲಿಲ್ಲ. ನನ್ನ ಮುಖ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಬಿಳುಪಾಯಿತು.

"ಕೆಟ್ಟೈತೇನು?" ಎಂದಳು. "ಯಾವುದ ಪವಿ? ಸಾರೋ, ನೆಲ್ಲೋ?"

ನಾನು ಬಾಯಿ ಬಿಟ್ಟುಕೊಂಡು ನಿಂತೆ. ನಮ್ಮ ಮನೆಯಲ್ಲಿ ಹುಟ್ಟಿದವರು ಸಾರು ಯಾವುದು, ಮುಗ್ಗಿದ ನೆಲ್ಲು ಯಾವುದು ಎಂದು ಕೇಳುವುದಿಲ್ಲ.

"ನಿನಗ ವಾಸನಿ ಬರಂಗಿಲ್ಲ?"

ಅವಳು ತಾಟು ಕೆಳಗಿಟ್ಟಳು. "ಬಾಗಲಾ ಹಾಕು" ಎಂದಳು. ಆ ನಾತದಲ್ಲಿ ಬಾಗಿಲು ಹಾಕಿದ್ದು ನನ್ನ ಜೀವನದ ದೊಡ್ಡ ತ್ಯಾಗ, ಯಾರೂ ಗುರುತಿಸಿಲ್ಲ.

"ಹಾಸ್ಟೆಲಿನ್ಯಾಗ ಜ್ವರಾ ಬಂದಿತ್ತ. ನಮ್ಮ ರೂಮಿನ ಎಲ್ಲಾರಿಗೂ. ಯಾರೂ ಹೇಳಲಿಲ್ಲ. ಹೇಳಿದ್ರ ಆಂಬುಲೆನ್ಸ್, ಹೆಸರು, ಫೋಟೋ. ಗುಳಿಗಿ ನುಂಗಿ ಮಲಗಿದ್ವಿ. ಜ್ವರಾ ಹೋತು, ವಾಸನಿನೂ ಹೋತು. ಇಲ್ಲಿಗೆ ಬಂದ ಮ್ಯಾಲ ವಾಸನಿ ಬಂತು, ಆದ್ರ ತಪ್ಪ ಬಂತು. ಉಳ್ಳಾಗಡ್ಡಿ ಹುರದ್ರ ಟಾಯರ್ ಸುಟ್ಟಂಗ. ಅನ್ನ ಅಂದ್ರ ಕೊಳತಂಗ. ನಿನ್ನ ತಲಿಯ ಎಣ್ಣಿನೂ ಹಂಗ ನಾರತೈತಿ."

"ಅದು ಮೊದಲಿಂದನೂ ಹಂಗ ಐತಿ."

ಅವಳು ನಕ್ಕಳು. ನಗು ಶುರುವಾದದ್ದು ನಗುವಾಗಿಯೇ, ಮುಗಿಯುವ ಹೊತ್ತಿಗೆ ಅಳು ಆಗಿತ್ತು.

"ಎಲ್ಲಾದೂ ನಾರತೈತಿ ಪವಿ. ಯಾವುದ ಖರೇನ ಕೆಟ್ಟೈತಿ, ಯಾವುದ ನನ್ನ ಮೂಗ ಸುಳ್ಳ ಹೇಳತೈತಿ, ತಿಳಿಯಂಗಿಲ್ಲ. ಅದಕ್ಕ ನಿನ್ನ ಮುಖಾ ನೋಡತಿದ್ದೆ. ನಿನ್ನ ಮುಖದಾಗ ಎಲ್ಲಾ ಕಾಣತೈತಿ."

ನನ್ನ ಮುಖಕ್ಕೆ ಅಂಥ ಕೆಲಸ ಕೊಟ್ಟಿದ್ದಾಳೆಂದು ಗೊತ್ತಿದ್ದರೆ ಸ್ವಲ್ಪ ಪೌಡರ್ ಆದರೂ ಹಚ್ಚಿಕೊಳ್ಳುತ್ತಿದ್ದೆ. ಆದರೆ ಆಗ ನಗಿಸುವ ಧೈರ್ಯ ಬರಲಿಲ್ಲ.

"ಓದಾಕ ಕುಂತ್ರ ಅಕ್ಷರ ಕಾಣತಾವ, ಒಳಗ ಇಳಿಯಂಗಿಲ್ಲ. ಕ್ಲಾಸಿನ್ಯಾಗ ಹೆಸರ ಕರದ್ರ 'ಪ್ರೆಸೆಂಟ್ ಸರ್' ಅಂತೀನಿ, ಅಷ್ಟ ನನ್ನ ಓದು. ರೇಣುಕಾಗೂ ಹಂಗ. ಆಕಿ ಎರಡ ಬಿಸ್ಕೀಟ್ ಮ್ಯಾಲ ದಿನಾ ಕಳೀತಾಳ. ಹೊರಗ ಬಂದ್ರ ನಿಮಗೆಲ್ಲಾ ಹಚ್ಚೇನೇನೋ ಅಂತ ಅಂಜಿಕಿ. ಇಲ್ಲೇ ಇದ್ದು ಇದ್ದು, ನಾ ಇದೀನೋ ಇಲ್ಲೋ ಅನಸತೈತಿ. ಅಪ್ಪಗ ಹೇಳಬ್ಯಾಡ. ಕೆಮಿಸ್ಟ್ರಿ ಲ್ಯಾಬಿನ್ಯಾಗ ಮೂಗ ಇಲ್ಲದಾಕಿನ್ನ ಯಾರ ಬಿಡತಾರ? ಅಪ್ಪಾನೂ ಕಳ್ಸಂಗಿಲ್ಲ."

ಅಪ್ಪ ಹೇಗೂ ಕಳಿಸುವುದಿಲ್ಲ, ಕುಷ್ಟಗಿಯವರು ಐತವಾರ ಬರುತ್ತಾರೆ, ಅತ್ತಿ ಏನು ತಿಳಿದುಕೊಂಡಿದ್ದಾಳೆ ಎಂಬುದನ್ನು ನಾನೇ ಹೇಳಬೇಕಾಯಿತು. ಅಕ್ಕ ಸುಮ್ಮನೆ ಗೋಡೆ ನೋಡಿದಳು. "ಹಂಗ ತಿಳ್ಕೊಂಡಾರ?" ಎಂದು ಒಮ್ಮೆ ಕೇಳಿದಳು. ಅದನ್ನು ನಾನು ಉಬ್ಬಿಸಿ ಹೇಳುವುದಿಲ್ಲ.

ಹೇಳಿದರೆ ಜಡ್ಡಿನವಳು, ಹೇಳದಿದ್ದರೆ ಕೆಟ್ಟವಳು. ಮೇಲಾಗಿ ನೆಲ್ಲು ದಿನದಿನಕ್ಕೆ ಮುಗ್ಗುತ್ತಿತ್ತು. ನಾನು ಹೊರಗೆ ಬಂದು ಅಪ್ಪ, ಅವ್ವ, ಅತ್ತಿ ಮೂವರನ್ನೂ ಅಂಗಳದಲ್ಲಿ ಕೂರಿಸಿ ಹೇಳಿದೆ.

"ಅಕ್ಕಗ ವಾಸನಿ ಸರಿ ಬರಂಗಿಲ್ಲ. ಅದಕ್ಕ ಉಣ್ಣಂಗಿಲ್ಲ, ಅದಕ್ಕ ವಾಂತಿ. ಒಳಗ ನೆಲ್ಲು ಮುಗ್ಗೈತಿ, ಅದೂ ಆಕಿಗೆ ಗೊತ್ತಾಗಿಲ್ಲ."

ಅತ್ತಿ ನಕ್ಕಳು. "ಹೌದವಾ, ಕಾಲುವಿಯಾಗ ಮೊಸಳಿ ಮಾಸ್ಕ್ ಹಾಕ್ಕೊಂಡ ಹೋತು ಅಂದಾಕಿ ನೀನ ಅಲ್ಲ?"

ಹೌದು, ಹಿಂದಿನ ವರ್ಷ ಅಂದಿದ್ದೆ. ಓಣಿಯ ನಾಲ್ಕು ಮಂದಿ ನೋಡಲು ಓಡಿಯೂ ಇದ್ದರು. ಅಂಥ ಪ್ರತಿಭೆಗೆ ಒಂದು ತೊಂದರೆ ಏನೆಂದರೆ, ನಿಜ ಹೇಳುವ ದಿನ ಬಂದಾಗ ಕೇಳುವವರು ಇರುವುದಿಲ್ಲ.

"ಹಂಗಾರ ಪರೀಕ್ಷಾ ಮಾಡ್ರಿ" ಎಂದೆ. ಎರಡು ವರ್ಷ ಯಾವ ಪರೀಕ್ಷೆಯನ್ನೂ ಬಯಸದವಳು ನಾನು. "ಅಪ್ಪಾ, ಒಂದ ಕೈಯಾಗ ಮ್ಯಾಲಿನ ಚೀಲದ್ದ ಹಿಡಿ, ಒಂದ ಕೈಯಾಗ ಕೆಳಗಿನ ಚೀಲದ್ದ. ಮುಚ್ಚಿದ ಮುಷ್ಟಿ. ಆಕೀನ ಕೇಳ್ರಿ."

ಅಪ್ಪ ಎದ್ದು ಹೋದ. ಬಾಗಿಲು ತೆರೆದವನೇ ಒಂದು ಕ್ಷಣ ಹೊಸ್ತಿಲಲ್ಲಿ ನಿಂತುಬಿಟ್ಟ. ಅವನ ಬೆನ್ನು ನೋಡಿಯೇ ನೆಲ್ಲಿನ ವಿಷಯ ಅವನಿಗೆ ಗೊತ್ತಾಯಿತೆಂದು ತಿಳಿಯಿತು. ಹಿಡಿ ತುಂಬಿಕೊಂಡು ಅಕ್ಕನನ್ನು ಅಂಗಳಕ್ಕೆ ಕರೆತಂದ. ಬಹಳ ದಿನದ ಮೇಲೆ ಬಿಸಿಲಿಗೆ ಬಂದವಳು ಕಣ್ಣು ಕಿರಿದು ಮಾಡಿ ನಿಂತಳು.

"ಯಾವುದ ಮುಗ್ಗೈತಿ ಹೇಳವಾ" ಎಂದು ಅಪ್ಪ ಎರಡೂ ಮುಷ್ಟಿ ಅವಳ ಮೂಗಿನ ಹತ್ತಿರ ಒಯ್ದ. ದೂರದಲ್ಲಿದ್ದ ನನಗೇ ಎಡಗೈ ಎಂದು ಗೊತ್ತಾಗುತ್ತಿತ್ತು. ಅವ್ವ ಸೆರಗು ಮೂಗಿಗೆ ಒತ್ತಿಕೊಂಡಳು.

ಅಕ್ಕ ಎಡಗೈ ಮೂಸಿದಳು. ಬಲಗೈ ಮೂಸಿದಳು. ಆಮೇಲೆ ನನ್ನ ಮುಖ ಹುಡುಕಿದಳು.

ನಾನು ಗೋಡೆಯ ಕಡೆ ತಿರುಗಿ ನಿಂತೆ.

"ಪವಿ" ಎಂದಳು. "ಪವಿ, ಈ ಕಡೆ ನೋಡ."

ತಿರುಗಲಿಲ್ಲ. ಗೋಡೆಯ ಮೇಲೆ ಒಂದು ಇರುವೆ ಹೋಗುತ್ತಿತ್ತು, ಅದನ್ನೇ ನೋಡಿದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು.

"ಗೊತ್ತಾಗವಲ್ದು ಅಪ್ಪಾ."

ಅಪ್ಪ ಎರಡೂ ಮುಷ್ಟಿ ಬಿಚ್ಚಿ ನೆಲ್ಲು ಕೆಳಗೆ ಚೆಲ್ಲಿದ. ಎಡ ಅಂಗೈಯನ್ನು ತಾನೇ ಮೂಸಿ ನೋಡಿಕೊಂಡ. "ಇಷ್ಟ ನಾರತೈತಿ. ಇದರಾಗ ಕುಂತ ಉಂಡಾಳ ನನ್ನ ಮಗಳು" ಎಂದು ಅಲ್ಲೇ ಕುಕ್ಕರಿಸಿದ.

ಅವ್ವ ಅಕ್ಕನನ್ನು ಅವಚಿಕೊಂಡಳು. ಆ ಹೊತ್ತಿನಲ್ಲೂ ಕೇಳಿದ್ದು, "ಹಂಗಾರ ನನ್ನ ಅಡಿಗಿ ಕೆಟ್ಟಿದ್ದಿಲ್ಲ ಹೌದಲ್ಲ?"

ಅತ್ತಿ ಮಾತ್ರ ಕೂತಲ್ಲಿಂದ ಮೆಲ್ಲಗೆ ಹಿಂದಕ್ಕೆ ಸರಿದಳು. "ಹಂಗಾರ ಇದು ಆ ಕೊರೋನಾ ಜಡ್ಡ!"

"ಜಡ್ಡ ಬಂದ ಹೋಗೇತಿ ಅಕ್ಕವ್ವಾ" ಎಂದ ಅಪ್ಪ, ತಲೆ ಎತ್ತದೆ. "ನೀ ಹೇಳಿದ್ದ ಬ್ಯಾರೆ ಇತ್ತು."

ಅಂದು ಅತ್ತಿ ತಾನಾಗಿಯೇ ಎದ್ದು ಎಮ್ಮೆಗೆ ನೀರು ಕುಡಿಸಿದಳು. ಕುಷ್ಟಗಿಗೆ ಫೋನ್ ಮಾಡಿ ಐತವಾರ ಬರುವುದು ಬೇಡ ಎಂದವಳೂ ಅವಳೇ. ಕಾರಣ ಏನು ಹೇಳಿದಳೋ, ನನಗೆ ಇವತ್ತಿಗೂ ಸಂಶಯ ಇದೆ.

ಗಂಗಾವತಿಯ ಡಾಕ್ಟರು ಬಾವಿಗೆ ಇಣುಕುವವರ ಹಾಗೆ ಟಾರ್ಚ್ ಬಿಟ್ಟು ಅಕ್ಕನ ಮೂಗು ನೋಡಿದರು. ಇಂಥವರು ದಿನಾ ಬರುತ್ತಿದ್ದಾರೆ, ಹೆಚ್ಚಿನವರು ಕಾಲೇಜಿನ ಮಕ್ಕಳು, ಎಲ್ಲರೂ ಮನೆಯಲ್ಲಿ ಮುಚ್ಚಿಟ್ಟವರೇ ಎಂದರು. ಬಿಸಿ ಊಟ ನಾರಿದರೆ ತಣ್ಣಗೆ ಮಾಡಿ ಉಣ್ಣಬೇಕು, ಒಬ್ಬಳೇ ಕೂರಬಾರದು, ಬೆಳಿಗ್ಗೆ ಸಂಜೆ ನಿಂಬೆಹಣ್ಣು, ಲವಂಗ, ಯಾಲಕ್ಕಿ ಮೂಸಿ ಮೂಗಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಬೇಕು. ಅಪ್ಪನಿಗೆ ಡಾಕ್ಟರ ಮೇಲೆಯೇ ಸಂಶಯ. "ಗುಳಿಗಿ ಬರೀಲಿಲ್ಲ, ಇಂಜೆಕ್ಷನ್ ಮಾಡಲಿಲ್ಲ, ಇವರು ಡಾಕ್ಟರ್ ಹೌದೋ ಅಲ್ಲೋ?"

ಮುಗ್ಗಿದ ಚೀಲಗಳನ್ನು ತಾಡಪತ್ರಿಯ ಮೇಲೆ ಸುರುವಿ ಒಣಗಿಸಿದೆವು. ಸ್ವಲ್ಪ ಉಳಿಯಿತು, ಸ್ವಲ್ಪ ಕೋಳಿಗೆ ಹೋಯಿತು. ಅಕ್ಕ ಪಡಸಾಲೆಗೆ ಬಂದಳು. ತಣ್ಣನೆಯ ಮೊಸರನ್ನ, ಸೌತೆಕಾಯಿ ಇಳಿಯತೊಡಗಿದವು. ಒಂದು ದಿನ ಅವಳ ಪ್ರಾಕ್ಟಿಕಲ್ ಪರೀಕ್ಷೆಗೆ ಬರಬೇಕೆಂದು ಫೋನಿಗೆ ಮೆಸೇಜು ಬಂತು. ಎಲ್ಲರೂ ಅಪ್ಪನ ಕಡೆ ನೋಡಿದೆವು.

"ಕಳಿಸಬಾರದು ಅಂತಲ್ಲ" ಎಂದ ಅಪ್ಪ. "ಲ್ಯಾಬಿನ್ಯಾಗ ಗ್ಯಾಸ್ ಸೋರಿದ್ರ ಯಾರ ಮುಖಾ ನೋಡತಿ?"

ಅಕ್ಕ ಫೋನ್ ಎತ್ತಿಕೊಂಡು, ಪಿಸುಗುಟ್ಟುವ ಕೋಣೆಗೆ ಹೋಗದೆ, ಅಂಗಳದ ನಡುವೆ ನಿಂತು, ಸ್ಪೀಕರ್ ಹಾಕಿ ತನ್ನ ಮೇಡಮ್ಮರಿಗೆ ಹಚ್ಚಿದಳು. ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದವು. ತೆರೆಯಲಿ ಎಂಬ ಹಾಗೆ ಅವಳು ದನಿ ಏರಿಸಿದಳು.

"ಮೇಡಂ, ನನಗ ಕೊರೋನಾ ಆಗಿತ್ರಿ. ವಾಸನಿ ಸರಿ ಗೊತ್ತಾಗಂಗಿಲ್ಲ. ಲ್ಯಾಬಿಗೆ ಒಬ್ಬಾಕಿನ ಬರಾಕ ಅಂಜಿಕಿ ಆಗತೈತ್ರಿ."

ಮೇಡಮ್ಮರ ದನಿ ಅಂಗಳದ ತುಂಬ ಕೇಳಿಸಿತು.

"ಗಿರಿಜಾ, ನಿಮ್ಮ ಬ್ಯಾಚಿನಲ್ಲಿ ಹೀಗೆ ಫೋನ್ ಮಾಡಿದವಳು ನೀನೇ ಮೊದಲು. ಆದರೆ ಹೀಗಾದವಳು ನೀನೊಬ್ಬಳೇ ಇರಲಿಕ್ಕಿಲ್ಲ. ಎಲ್ಲರನ್ನೂ ಕೇಳುತ್ತೇನೆ. ಇನ್ನು ಜೋಡಿ ಜೋಡಿಯಾಗಿ ಕೆಲಸ ಮಾಡಿಸುತ್ತೇನೆ, ಒಬ್ಬರಿಗಾದರೂ ಮೂಗಿರಲಿ. ಬಾ."

ಅಪ್ಪ ಎದ್ದು ಒಳಗೆ ಹೋಗಿ ಅವಳ ಬ್ಯಾಗಿನ ಧೂಳು ಕೊಡವತೊಡಗಿದ.

ಹೊರಡುವ ಬೆಳಿಗ್ಗೆ ಅವ್ವ ನಿಂಬೆಹಣ್ಣು ಹೆಚ್ಚಿ ಅಕ್ಕನ ಮೂಗಿಗೆ ಹಿಡಿದಳು. "ಬಂತು ಅವ್ವಾ! ನಿಂಬಿಹಣ್ಣಿಂದ ವಾಸನಿ!" ಎಂದಳು ಅಕ್ಕ. ಅವ್ವ ಆ ಹೋಳನ್ನು ದೇವರ ಮುಂದೆ ಇಟ್ಟಳು. ಅತ್ತಿಯ ಕಣ್ಣೂ ಒದ್ದೆಯಾಯಿತು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಸುಳ್ಳಿನ ಕಸುಬು ಗೊತ್ತಿದ್ದವಳು ನಾನು, ಅಷ್ಟು ಜೋರಾಗಿ ಹೇಳುವ ಮಾತು ಸುಳ್ಳೇ ಆಗಿರುತ್ತದೆ.

ಬಸ್ಸಿನ ಕಿಟಕಿಯಿಂದ ಅವಳು ಕೈ ಹೊರಗೆ ಹಾಕಿದಾಗ ಹತ್ತಿರ ಹೋಗಿ ಕೇಳಿದೆ. "ಯಕ್ಕಾ, ಖರೇನ ವಾಸನಿ ಬಂತೇನು?"

"ಇಲ್ಲ. ಅವ್ವಗ ಹೇಳಬ್ಯಾಡ."

ಅಷ್ಟು ದೊಡ್ಡ ಸುದ್ದಿಯನ್ನು ಬಾಯಲ್ಲಿಟ್ಟುಕೊಂಡು ನಾನು ಹೇಗೆ ಬದುಕಲಿ ಎಂದು ಯೋಚಿಸುತ್ತಿದ್ದೆ. ಡ್ರೈವರ್ ಗಾಡಿ ಚಾಲೂ ಮಾಡಿದ. ಅಕ್ಕ ಮತ್ತೆ ತಲೆ ಹೊರಗೆ ಹಾಕಿದಳು.

"ಪವಿ, ಅವ್ವ ಬುತ್ತಿ ಯಾವ ಬ್ಯಾಗಿನ್ಯಾಗ ಇಟ್ಟಾಳ?"

"ನೀಲಿದರಾಗ. ಯಾಕ?"

"ಹಸಿವಾಗೈತಿ" ಎಂದಳು.